ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು: ಸಮಾನ ವೇತನ ಕೇಳುವುದು ಹೇಗೆ?

ಮೂಡಿಗೆರೆ, ಆಲ್ದೂರು, ಸಕಲೇಶಪುರ ಕಡೆ ಕಾಫಿ ತೋಟದ ಕೂಲಿ ಎಷ್ಟು ಅಂತ ಕೇಳಿ ನೋಡಿ. ‘ಗಂಡಾಳಿಗೋ, ಹೆಣ್ಣಾಳಿಗೋ?’ ಅಂತ ತಿರುಗಿ ಕೇಳುವವರೇ ಜಾಸ್ತಿ. ಕೆಲಸ ಯಾವುದು ಅನ್ನುವ ಮಾತು ಆಮೇಲೆ. ಕಾನೂನು ಮೊದಲು ಕೇಳುವುದೇ ಕೆಲಸ ಯಾವುದು ಅಂತ.

ಸಮಾನ ವೇತನ ಕಾಯ್ದೆ ಬಂದದ್ದು 1976ರಲ್ಲಿ. ಈಗ ಅದರ ಜಾಗದಲ್ಲಿ 2019ರ ವೇತನ ಸಂಹಿತೆ ಇದೆ. 2025ರ ನವೆಂಬರ್ 21ರಿಂದ ಅದು ಜಾರಿ. ಹೆಸರು ಬದಲಾದರೂ ತಿರುಳು ಅದೇ: ಒಬ್ಬ ಮಾಲೀಕರ ಹತ್ತಿರ ಒಂದೇ ಕೆಲಸ ಅಥವಾ ಅದರಂಥದೇ ಕೆಲಸ ಮಾಡುವವರಿಗೆ ಗಂಡು, ಹೆಣ್ಣು ಅಂತ ಸಂಬಳದಲ್ಲಿ ಭೇದ ಮಾಡುವ ಹಾಗಿಲ್ಲ. ತೋಟ, ಹೋಂಸ್ಟೇ, ಗಾರ್ಮೆಂಟ್ಸ್, ಬಟ್ಟೆ ಅಂಗಡಿ ಎಲ್ಲಕ್ಕೂ ಇದು ಅನ್ವಯಿಸುತ್ತದೆ.

ಮೊದಲು ಕೆಲಸ ಹೋಲಿಸಿ

ದೂರು ಗೆಲ್ಲುವುದೂ ಸೋಲುವುದೂ ಇಲ್ಲೇ. ‘ಅದರಂಥದೇ ಕೆಲಸ’ ಹೌದೋ ಅಲ್ಲವೋ ಅಂತ ನೋಡಲು ಕಾನೂನು ನಾಲ್ಕು ಸಂಗತಿ ಹೇಳುತ್ತದೆ: ಕೌಶಲ, ಶ್ರಮ, ಅನುಭವ, ಹೊಣೆ. ಒಂದೇ ತರಹದ ವಾತಾವರಣದಲ್ಲಿ ಈ ನಾಲ್ಕೂ ಸಮವಾಗಿದ್ದರೆ ಸಾಕು. ಲೆಕ್ಕಕ್ಕೆ ಬಾರದ ಸಣ್ಣ ವ್ಯತ್ಯಾಸ ತೋರಿಸಿ ಕೂಲಿ ಇಳಿಸಲು ಆಗುವುದಿಲ್ಲ.

ತೋಟದ ಕೆಲಸವನ್ನೇ ತೆಗೆದುಕೊಳ್ಳಿ. ಕೆಜಿ ಲೆಕ್ಕದಲ್ಲಿ ಹಣ್ಣು ಕುಯ್ಯುವಾಗ ಎಲ್ಲರಿಗೂ ಒಂದೇ ದರ ಇದ್ದರೆ ತಕರಾರಿಲ್ಲ. ಯಾರು ಜಾಸ್ತಿ ಕುಯ್ದರೋ ಅವರಿಗೆ ಜಾಸ್ತಿ ದುಡ್ಡು. ಮರಗಸಿಗೆ, ಅಂದರೆ ನೆರಳಿನ ಮರದ ಕೊಂಬೆ ಸವರಲು, ಎತ್ತರದ ಮರ ಹತ್ತುವವರಿಗೆ, ಏಣಿ ಹಾಕಿ ಮೆಣಸು ಕುಯ್ಯುವವರಿಗೆ ಹೆಚ್ಚು ಕೂಲಿ ಕೊಟ್ಟರೆ ಅದೂ ನ್ಯಾಯವೇ. ಅಲ್ಲಿ ಕೌಶಲ ಬೇರೆ, ಅಪಾಯ ಬೇರೆ.

ಪ್ರಶ್ನೆ ಏಳುವುದು ದಿನಗೂಲಿಯಲ್ಲಿ. ಮರ ಹತ್ತಿದ ಆಳು ಮಾರನೇ ದಿನ ಹೆಂಗಸರ ಸಾಲಿನಲ್ಲೇ ನಿಂತು ಗಿಡದ ಬುಡಕ್ಕೆ ಗೊಬ್ಬರ ಹಾಕುತ್ತಾನೆ. ಇಲ್ಲವೇ ಎಲ್ಲರೂ ಕಣದಲ್ಲಿ ಕಾಫಿ ಹರಡುತ್ತಾರೆ, ಬಾಚುತ್ತಾರೆ, ಸಂಜೆ ಗುಡ್ಡೆ ಮಾಡಿ ಟಾರ್ಪಾಲ್ ಮುಚ್ಚುತ್ತಾರೆ. ಮಾಡಿದ ಕೆಲಸ ಒಂದೇ, ಹೊತ್ತೂ ಒಂದೇ. ಬಟವಾಡೆ ದಿನ ಮಾತ್ರ ಅವನಿಗೆ ಗಂಡಾಳಿನ ಕೂಲಿ, ಇವರಿಗೆ ಹೆಣ್ಣಾಳಿನ ಕೂಲಿ. ಇನ್ನು, ಮರವನ್ನೇ ಹತ್ತದ ಗಂಡಸರಿಗೂ ಆ ಹೆಚ್ಚಿನ ಕೂಲಿ ಸಿಗುತ್ತಿದ್ದರೆ ‘ಗಂಡಸರ ಕೆಲಸ ಭಾರ’ ಅನ್ನುವ ವಾದ ಹೇಗೆ ನಿಲ್ಲುತ್ತದೆ?

‘ಹೆಂಗಸರು ಬೇಗ ಮನೆಗೆ ಹೋಗ್ತಾರೆ’ ಅಂದರೆ ಗಂಟೆ ಲೆಕ್ಕ ಹಾಕಿ. ಗಂಟೆಗೆ ಇಷ್ಟು ಅಂತ ಭಾಗಿಸಿದ ಮೇಲೂ ಕಡಿಮೆ ಬಂದರೆ ನಿಮ್ಮ ಮಾತು ಗಟ್ಟಿ.

ಒಂದು ಮಿತಿ ನೆನಪಿರಲಿ. ಹೋಲಿಕೆ ನಿಮ್ಮದೇ ಮಾಲೀಕರ ಕೆಲಸಗಾರರ ಜೊತೆ. ಪಕ್ಕದ ತೋಟದಲ್ಲಿ ಜಾಸ್ತಿ ಕೊಡ್ತಾರೆ ಅನ್ನುವುದು ಕೂಲಿ ಚೌಕಾಸಿಗೆ ಆದೀತು, ಈ ದೂರಿಗೆ ಆಗುವುದಿಲ್ಲ.

ನೋಟ್‌ಬುಕ್ ಇಡಿ

ಹತ್ತು ರೂಪಾಯಿಯ ನೋಟ್‌ಬುಕ್ ಸಾಕು. ತಾರೀಕು, ಕೆಲಸ, ಶುರು ಮಾಡಿದ ಹೊತ್ತು, ಬಿಟ್ಟ ಹೊತ್ತು, ಜೊತೆಗೆ ಅದೇ ಕೆಲಸ ಮಾಡಿದ ಗಂಡಸರು ಯಾರು, ಅವರ ಕೂಲಿ ಎಷ್ಟು, ನಿಮ್ಮದು ಎಷ್ಟು. ಬಟವಾಡೆಯ ರಾತ್ರಿಯೇ ಬರೆದುಬಿಡಿ. ‘ಗೊಬ್ಬರ ಹಾಕಿದ್ದು’ ಅಂತ ಸುಮ್ನೆ ಬರೆಯುವುದಕ್ಕಿಂತ ‘ಮೇಲಿನ ಬ್ಲಾಕ್, ಆರು ಹೆಂಗಸರು, ಇಬ್ಬರು ಗಂಡಸರು, ಮಧ್ಯಾಹ್ನದವರೆಗೆ’ ಅಂತ ಬರೆದರೆ ಅದಕ್ಕೆ ತೂಕ. ತೋಟದ ಲೆಕ್ಕ ಬರೆಯುವ ರೈಟರ್ ಇಡುವ ಹಾಜರಿ ಪುಸ್ತಕದ ಜೊತೆ ಇದನ್ನು ತಾಳೆ ನೋಡಬಹುದು.

ಸಂಬಳದ ಚೀಟಿ ಕೇಳಿ. ಅದನ್ನು ಕೊಡುವುದು ಮಾಲೀಕರ ಕರ್ತವ್ಯ. ಕೃಷಿಗೆ ಅಥವಾ ಮನೆಗೆಲಸಕ್ಕೆ ಐದು ಜನರವರೆಗೆ ಮಾತ್ರ ಇಟ್ಟುಕೊಂಡವರಿಗೆ ಚೀಟಿಯಿಂದ ವಿನಾಯಿತಿ ಇದೆ. ಆದರೂ ಕಾರ್ಮಿಕ ನಿರೀಕ್ಷಕರು ಕೇಳಿದರೆ ಕೂಲಿ ಕೊಟ್ಟ ಪುರಾವೆ ತೋರಿಸಲೇಬೇಕು. ಬ್ಯಾಂಕಿಗೆ ಅಥವಾ ಫೋನ್‌ಪೇಗೆ ದುಡ್ಡು ಬರುತ್ತಿದ್ದರೆ ಆ ದಾಖಲೆಯನ್ನೂ ತೆಗೆದಿಡಿ. ಹೋಂಸ್ಟೇ, ಕಚೇರಿಗಳಲ್ಲಿ ಇರುವವರು ಮೂಲ ಸಂಬಳವೊಂದನ್ನೇ ನೋಡಬೇಡಿ. ಓವರ್‌ಟೈಮ್, ಮನೆ ಬಾಡಿಗೆ ಭತ್ಯೆ, ಓಡಾಟದ ಭತ್ಯೆ ಕೂಡ ಸಮಾನ ವೇತನದ ಲೆಕ್ಕಕ್ಕೆ ಸೇರುತ್ತವೆ. ಭೇದ ಹೆಚ್ಚಾಗಿ ಅಡಗಿರುವುದು ಅಲ್ಲೇ.

ಬಾಯಿಮಾತಿನ ನಂತರ ಕಾಗದ

ಒಬ್ಬರೇ ಹೋಗಬೇಡಿ, ನಾಲ್ಕೈದು ಜನ ಸೇರಿ ಕೇಳಿ. ‘ಮೊದಲಿಂದ ಹೀಗೇ ಅಲ್ವಾ ಅಕ್ಕ’ ಅಂತ ರೈಟರ್ ಅನ್ನಬಹುದು. ‘ಕಾಫಿ ರೇಟ್ ಬಿದ್ದಿದೆ’ ಅಂತ ಮಾಲೀಕರು ಅನ್ನಬಹುದು. ಎರಡನೆಯ ಮಾತಿಗೆ ಉತ್ತರ 1987ರಲ್ಲೇ ಸಿಕ್ಕಿದೆ. ಮೆಕಿನನ್ ಮೆಕೆಂಜಿ ಕಂಪನಿಯಲ್ಲಿ ಸ್ಟೆನೋಗ್ರಾಫರ್ ಆಗಿದ್ದ ಆಡ್ರೆ ಡಿಕೋಸ್ಟ, ಗಂಡಸು ಸ್ಟೆನೋಗಳಿಗಿಂತ ತನಗೆ ಕಡಿಮೆ ಸಂಬಳ ಅಂತ ದೂರಿದ್ದರು. ಕಂಪನಿಗೆ ಕೊಡುವ ತಾಕತ್ತಿಲ್ಲ ಅನ್ನುವುದು ಭೇದಕ್ಕೆ ನೆಪವಾಗದು ಅಂತ ಸುಪ್ರೀಂ ಕೋರ್ಟ್ ಹೇಳಿತು. ತೀರ್ಪು ಬರೆದವರು ನಮ್ಮ ಮಂಡ್ಯ ಜಿಲ್ಲೆಯ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ.

‘ಸರಿ, ಗಂಡಸರದ್ದೇ ಇಳಿಸ್ತೀನಿ’ ಅನ್ನುವವರೂ ಇರುತ್ತಾರೆ. ಜನರನ್ನು ಎತ್ತಿಕಟ್ಟುವ ಹಳೇ ಉಪಾಯ ಇದು. ಸಮ ಮಾಡುವ ನೆಪದಲ್ಲಿ ಯಾರ ಕೂಲಿಯನ್ನೂ ಇಳಿಸಬಾರದು ಅಂತ ಸಂಹಿತೆ ಸ್ಪಷ್ಟವಾಗಿ ಹೇಳಿದೆ. ಇದನ್ನು ಜೊತೆಗೆ ದುಡಿಯುವ ಗಂಡಸರಿಗೆ ಮೊದಲೇ ಹೇಳಿಡಿ. ಆಗ ಅವರೂ ನಿಮ್ಮ ಕಡೆ ನಿಲ್ಲುತ್ತಾರೆ.

ಬಾಯಿಮಾತಿಗೆ ಬಗ್ಗದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಿ. ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಜಿಲ್ಲಾ ಕಚೇರಿ ಇದೆ. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ನೀವೇ ಕೊಡಬಹುದು, ನೋಂದಾಯಿತ ಕಾರ್ಮಿಕ ಸಂಘದ ಮೂಲಕವೂ ಕೊಡಬಹುದು. ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳದೆ ವಾಪಸ್ ಬರಬೇಡಿ.

ಅರ್ಜಿಯಲ್ಲಿ ಲೆಕ್ಕ ಇರಲಿ. ಉದಾಹರಣೆಗೆ ದಿನಕ್ಕೆ 150 ರೂಪಾಯಿ ವ್ಯತ್ಯಾಸ, ವರ್ಷಕ್ಕೆ ಅಂಥ 200 ದಿನ ಅಂದರೆ 30,000 ರೂಪಾಯಿ. ಬಾಕಿ ಹುಟ್ಟಿದ ದಿನದಿಂದ 3 ವರ್ಷದೊಳಗೆ ಕೇಳಬೇಕು, ಹಾಗಾಗಿ ತಡ ಮಾಡಿದಷ್ಟೂ ಹಿಂದಿನ ದಿನಗಳು ಕೈಜಾರುತ್ತವೆ. ಕ್ಲೇಮು ತೀರ್ಮಾನಿಸುವುದು ಸರ್ಕಾರ ನೇಮಿಸಿದ ಗೆಜೆಟೆಡ್ ಅಧಿಕಾರಿ. 3 ತಿಂಗಳಲ್ಲಿ ಮುಗಿಸಲು ಅವರು ಪ್ರಯತ್ನಿಸಬೇಕು ಅಂತಿದೆ. ಬಾಕಿಯ ಜೊತೆಗೆ ಅದರ 10 ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ಅವರಿಗಿದೆ. ಕಡಿಮೆ ಸಂಬಳದ ಕ್ಲೇಮಿನಲ್ಲಿ, ಕೊಡಬೇಕಾದದ್ದು ಕೊಟ್ಟಿದ್ದೇನೆ ಅಂತ ಸಾಬೀತು ಮಾಡುವ ಹೊಣೆ ಮಾಲೀಕರದ್ದು.

ವಕೀಲರ ಫೀಸಿನ ಚಿಂತೆ ಬೇಡ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಕಾನೂನು ನೆರವು ಉಚಿತ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ.

ಅರ್ಜಿ ಬಿದ್ದ ಮೇಲೆ ಮಾಲೀಕರು ರಾಜಿಗೆ ಬರಬಹುದು. ಬಂದರೆ ಒಳ್ಳೆಯದೇ. ಆದರೆ ‘ಮುಂದಿನ ವಾರದಿಂದ ಸಮ ಕೂಲಿ’ ಅಂತ ಮಾತ್ರ ಬರೆದ ಕಾಗದಕ್ಕೆ ಸಹಿ ಹಾಕಬೇಡಿ. ಹಿಂದಿನ ಬಾಕಿ ಎಷ್ಟು, ಯಾವ ತಾರೀಕಿಗೆ ಕೊಡುತ್ತಾರೆ ಅನ್ನುವುದು ಬೇರೆ ಸಾಲಿನಲ್ಲಿ ಅಂಕಿಯಲ್ಲೂ ಅಕ್ಷರದಲ್ಲೂ ಇರಬೇಕು.