ಅಭ್ಯರ್ಥಿಗಳ ಮುಖಾಮುಖಿ: ಪಕ್ಷಪಾತದ ದೂರು ನಿಂತ ಬಗೆ

ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ವಿಧಾನಸಭಾ ಅಭ್ಯರ್ಥಿಗಳನ್ನು ಒಂದೇ ವೇದಿಕೆಗೆ ಕರೆದಾಗಲೆಲ್ಲ ಮೊದಲು ಮಾತನಾಡಿದವರು ಸಮಯ ನುಂಗುತ್ತಿದ್ದರು, ಕೊನೆಯವರು ಸಂಘಟಕರನ್ನು ಎದುರಾಳಿಯ ಕಡೆಯವರೆಂದು ದೂರುತ್ತಿದ್ದರು.

ಹಿರಿಯರೊಬ್ಬರನ್ನು ನಿರ್ವಾಹಕರನ್ನಾಗಿ ಕೂರಿಸಿದ್ದು ಫಲಿಸಲಿಲ್ಲ. ಸಣ್ಣ ಊರಿನಲ್ಲಿ ಅವರ ಬಂಧುಬಳಗ ಯಾವ ಕಡೆಯೆಂಬುದು ಎಲ್ಲರಿಗೂ ಗೊತ್ತಿರುತ್ತದೆ. ಸಮಯ ಮುಗಿದಾಗ ಬಾರಿಸಿದ ಗಂಟೆಯನ್ನು ಯಾರೂ ಲೆಕ್ಕಿಸಲಿಲ್ಲ. ಪ್ರಶ್ನೆಗಳನ್ನು ಸಮಿತಿಯೇ ಆರಿಸಿದಾಗ ಅನುಮಾನ ಇನ್ನಷ್ಟು ಹೆಚ್ಚಿತು.

ಪರಿಹಾರ ಸಿಕ್ಕಿದ್ದು ಆಯ್ಕೆಯ ಅಧಿಕಾರವನ್ನೆಲ್ಲ ಚೀಟಿಗೆ ಬಿಟ್ಟಾಗ. ನಾಮಪತ್ರ ಹಿಂಪಡೆಯುವ ಗಡುವು ಮುಗಿದ ಮೇಲೆಯೇ, ಕಣದಲ್ಲಿ ಉಳಿದ ಪಕ್ಷೇತರರೂ ಸೇರಿದಂತೆ ಎಲ್ಲರಿಗೂ ಒಂದೇ ದಿನ ಒಂದೇ ಒಕ್ಕಣೆಯ ಪತ್ರವನ್ನು ನಿಯಮಗಳ ಸಮೇತ ಕಳುಹಿಸಿ, ಸಹಿ ಪಡೆಯಬೇಕು. ಶರಾವತಿ ಅಣೆಕಟ್ಟಿನ ಮುಳುಗಡೆ ಸಂತ್ರಸ್ತರ ಭೂಮಿ, ಬಗರ್‌ಹುಕುಂ (ಮಂಜೂರಾತಿ ಇಲ್ಲದ ಸರ್ಕಾರಿ ಭೂಮಿಯ ಸಾಗುವಳಿ), ಅಡಿಕೆಯ ಎಲೆಚುಕ್ಕಿ ರೋಗ, ಮಂಗನ ಕಾಯಿಲೆ ಹೀಗೆ ವಿಷಯವಾರು ಡಬ್ಬಿಗಳನ್ನಿಟ್ಟು, ಸಾರ್ವಜನಿಕರು ಬರೆದು ಹಾಕಿದ ಪ್ರಶ್ನೆಗಳಲ್ಲಿ ಪ್ರತಿ ಡಬ್ಬಿಯಿಂದ ಒಂದನ್ನು ಅಭ್ಯರ್ಥಿಗಳ ಏಜೆಂಟರ ಎದುರೇ ಎತ್ತಬೇಕು. ವ್ಯಕ್ತಿನಿಂದೆಯ ಚೀಟಿಯನ್ನು ಗಟ್ಟಿಯಾಗಿ ಓದದೆ, ಏಜೆಂಟರಿಗೆಲ್ಲ ತೋರಿಸಿ ಬದಿಗಿಡಬೇಕು. ಮೊದಲ ಪ್ರಶ್ನೆಗೆ ಮಾತಿನ ಸರದಿಯನ್ನೂ ಚೀಟಿಯೇ ನಿರ್ಧರಿಸಲಿ. ಮುಂದಿನ ಪ್ರತಿ ಪ್ರಶ್ನೆಗೆ ಮೊದಲಿಗರು ಕೊನೆಗೆ ಸರಿಯಲಿ. ಉತ್ತರಕ್ಕೆ 2 ನಿಮಿಷ, ಪ್ರತಿಕ್ರಿಯೆಗೆ 1 ನಿಮಿಷ. ಗಡಿಯಾರ ಸಭಿಕರಿಗೂ ಕಾಣುವಂತಿರಬೇಕು, ಸಮಯ ಮುಗಿದೊಡನೆ ಮೈಕಿನವರು ಧ್ವನಿ ನಿಲ್ಲಿಸಬೇಕು. ನನ್ನ ದೃಷ್ಟಿಯಲ್ಲಿ ಇದೊಂದೇ ಅರ್ಧ ಜಗಳವನ್ನು ತಪ್ಪಿಸಿತು.

ಒಬ್ಬರೇ ಬಂದರೆ ಸಭೆ ರದ್ದು ಎಂಬುದನ್ನು ಪತ್ರದಲ್ಲೇ ಬರೆಯಿರಿ. ಇಲ್ಲವಾದರೆ ಅದು ಅವರ ಪ್ರಚಾರಸಭೆಯಾಗುತ್ತದೆ. ಚುನಾವಣಾಧಿಕಾರಿಗಳ ಅನುಮತಿ ಮೊದಲೇ ಕೈಯಲ್ಲಿರಲಿ. ಮತದಾನ ಮುಗಿಯುವ ಸಮಯಕ್ಕಿಂತ ಹಿಂದಿನ 48 ಗಂಟೆಗಳಲ್ಲಿ ಇಂಥ ಸಭೆಗೆ ಕಾನೂನಿನ ನಿಷೇಧವಿರುವುದರಿಂದ, ದಿನಾಂಕವನ್ನು ಅದಕ್ಕೂ ಸಾಕಷ್ಟು ಮುಂಚೆಯೇ ಗೊತ್ತುಮಾಡಬೇಕು.