ವ್ಯಾಯಾಮ ಮಾಡುವಾಗಿನ ನೋವು, ಮಾರನೇ ದಿನದ ನೋವು

ಫಿಸಿಯೋಥೆರಪಿಗೆ ಹೋಗಿ ಅರ್ಧಕ್ಕೇ ಬಿಟ್ಟವರನ್ನು ಬಹಳ ಜನ ನೋಡಿದ್ದೇನೆ. ಯಾಕೆ ಬಿಟ್ಟಿರಿ ಎಂದರೆ ಹೆಚ್ಚುಕಮ್ಮಿ ಎಲ್ಲರದೂ ಒಂದೇ ಉತ್ತರ: "ವ್ಯಾಯಾಮ ಶುರು ಮಾಡಿದ ಮೇಲೆ ನೋವು ಇನ್ನೂ ಜಾಸ್ತಿ ಆಯ್ತು." ಅವರು ಹೇಳುವುದು ನಿಜ. ಕತ್ತು, ಸೊಂಟ ಎರಡೂ ವರ್ಷಗಟ್ಟಲೆ ನೋಯುತ್ತಿದ್ದ ನನಗೂ ಮೊದಮೊದಲು ಜಾಸ್ತಿಯೇ ಆಗಿತ್ತು. ಯಾವ ವ್ಯಾಯಾಮ ಮಾಡಬೇಕು ಎಂದು ಹೇಳುವವರಿಗೆ ಕೊರತೆಯಿಲ್ಲ. ಚಿಕಿತ್ಸೆ ನಡೆಯುತ್ತಿರುವ ಆ ತಿಂಗಳುಗಳಲ್ಲಿ, ನೋವು ಮೈಯಲ್ಲಿ ಇದ್ದಂತೆಯೇ, ಒಂದೊಂದು ದಿನವನ್ನೂ ಹೇಗೆ ಕಳೆಯಬೇಕು ಎಂದು ಹೇಳುವವರು ಕಡಿಮೆ. ನಾನು ಕಳೆದ ಬಗೆಯನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ಎಂಆರ್‌ಐ ರಿಪೋರ್ಟಿನ ವಿಷಯ. ಅದರಲ್ಲಿ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿದೆ, ಡಿಸ್ಕ್ ಸವೆದಿದೆ ಎಂದಿತ್ತು. ಇಂಥ ಮಾತು ಒಮ್ಮೆ ತಲೆಯೊಳಗೆ ಕೂತರೆ ನೆಲಕ್ಕೆ ಬಿದ್ದ ಪೆನ್ನು ಎತ್ತಿಕೊಳ್ಳುವುದಕ್ಕೂ ಭಯ. ಬಗ್ಗಿದರೆ ಇನ್ನಷ್ಟು ಉಬ್ಬೀತು, ತಿರುಗಿದರೆ ನರಕ್ಕೆ ಒತ್ತೀತು ಎಂದು ಮೈ ಸದಾ ಬಿಗಿ ಹಿಡಿದುಕೊಂಡೇ ಇರುತ್ತದೆ. ಆ ಬಿಗಿತವೇ ಸಂಜೆಯ ಹೊತ್ತಿಗೆ ಬೇರೆ ನೋವಾಗುತ್ತದೆ. ನನ್ನ ಫಿಸಿಯೋ ಮೇಡಂ ಆ ರಿಪೋರ್ಟನ್ನು ಪೂರ್ತಿ ಓದಿ, ಪಕ್ಕಕ್ಕಿಟ್ಟು, 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಬಗ್ಗೆ ಹೇಳಿದರು. ಬೆನ್ನುನೋವು ಇಲ್ಲವೇ ಇಲ್ಲ ಎನ್ನುವ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳ ಲೆಕ್ಕ ಅದು. 20ರ ವಯಸ್ಸಿನವರಲ್ಲೇ ಶೇ. 37 ಮಂದಿಗೆ ಡಿಸ್ಕ್ ಸವೆತ ಕಂಡಿತ್ತು. 50 ದಾಟುವ ಹೊತ್ತಿಗೆ ಅದು ಶೇ. 80. ಡಿಸ್ಕ್ ಉಬ್ಬಿರುವುದು 50ರವರಲ್ಲಿ ಶೇ. 60. ಇವರೆಲ್ಲ ನೋವಿಲ್ಲದೆ ಓಡಾಡಿಕೊಂಡಿದ್ದವರು. ನನ್ನ ನೋವು ಸುಳ್ಳು ಎಂದು ಇದರ ಅರ್ಥವಲ್ಲ. ಆದರೆ ರಿಪೋರ್ಟಿನ ಆ ಸಾಲುಗಳು ನನ್ನ ಬೆನ್ನಿನ ಭವಿಷ್ಯವನ್ನು ಬರೆದಿಟ್ಟಿಲ್ಲ ಎಂದು ಗೊತ್ತಾಯಿತು. ಆ ಅಂಕಿಗಳು ನನಗೆ ಮಾತ್ರೆಗಿಂತ ಹೆಚ್ಚು ಕೆಲಸ ಮಾಡಿದವು ಎಂದೇ ಹೇಳುತ್ತೇನೆ.

ಮೂರು ತಿಂಗಳು ಮೀರಿ ಉಳಿದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಅಷ್ಟು ದಿನ ನೋವಿನ ಸಂದೇಶಗಳನ್ನು ಸಾಗಿಸಿದ ನರಗಳು ಸಣ್ಣದಕ್ಕೂ ಜೋರಾಗಿ ಸ್ಪಂದಿಸುವುದನ್ನು ಕಲಿತುಬಿಟ್ಟಿರುತ್ತವೆ. ಬೆನ್ನುಹುರಿಯೊಳಗಿನ ನರಕೋಶಗಳೇ ಹೀಗೆ ಸೂಕ್ಷ್ಮವಾಗಬಲ್ಲವು ಎಂದು ನರವಿಜ್ಞಾನಿ ಕ್ಲಿಫರ್ಡ್ ವುಲ್ಫ್ 1983ರಲ್ಲೇ ತೋರಿಸಿದ್ದರು. ಹಾಗಾಗಿ ನೋವು ಎಷ್ಟು ಜೋರಾಗಿದೆ ಎನ್ನುವುದರಿಂದ ಒಳಗೆ ಎಷ್ಟು ಪೆಟ್ಟಾಗಿದೆ ಎಂದು ಅಳೆಯಲಾಗದು. ಇದನ್ನು ಓದಿ ತಿಳಿದುಕೊಳ್ಳುವುದು ಸುಲಭ. ಕತ್ತು ಹಿಡಿದುಕೊಂಡು ಒದ್ದಾಡುವ ರಾತ್ರಿಯಲ್ಲಿ ನಂಬುವುದು ಕಷ್ಟ. ನಂಬುವುದಕ್ಕೆ ನನಗೆ ಒಂದು ಅಳತೆ ಬೇಕಿತ್ತು. ಅದು ಸಿಕ್ಕಿದ್ದು ಈ ಮಾತುಕತೆಯಲ್ಲಿ.

"ವ್ಯಾಯಾಮ ಮಾಡುವಾಗ ನೋವು ಎಷ್ಟಿರುತ್ತೆ? ಸೊನ್ನೆಯಿಂದ ಹತ್ತರೊಳಗೆ ಹೇಳಿ."

"ನಾಲ್ಕು ಇರಬಹುದು, ಮೇಡಂ."

"ಸುಮ್ಮನೆ ಇದ್ದಾಗ?"

"ಮೂರು."

"ಮಾರನೇ ದಿನ ಬೆಳಗ್ಗೆ ಎದ್ದು ಮುಖ ತೊಳೆಯುವಾಗ?"

ಈ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. "ನನಗೆ ಬೇಕಿರೋದು ಆ ನಂಬರು," ಎಂದರು ಮೇಡಂ. "ಮಾಡುವಾಗ ಒಂದೆರಡು ಏರಿದ್ರೆ ಏರಲಿ. ನಾಳೆ ಬೆಳಗ್ಗೆ ಮತ್ತೆ ಮೂರಕ್ಕೆ ಬಂದಿದ್ರೆ ಆ ವ್ಯಾಯಾಮ ನಿಮ್ಮ ಮೈಗೆ ಒಗ್ಗಿದೆ. ಐದರಲ್ಲೇ ನಿಂತಿದ್ರೆ ಪ್ರಮಾಣ ಜಾಸ್ತಿ ಆಗಿದೆ, ಅರ್ಧ ಮಾಡೋಣ. ಆದ್ರೆ ಬಿಡೋದು ಬೇಡ."

ನನ್ನ ಇಡೀ ಚಿಕಿತ್ಸೆ ಈ ಮಾತಿನ ಮೇಲೆ ನಿಂತಿತು. ದಿಂಬಿನ ಪಕ್ಕ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಬೆಳಗಿನ ನಂಬರು, ಹಿಂದಿನ ದಿನ ಮಾಡಿದ ವ್ಯಾಯಾಮ, ಎಷ್ಟು ನಿದ್ದೆ ಬಂತು, ಇಷ್ಟೇ ಬರೆಯುವುದು. ದಿನವಿಡೀ ನೋವನ್ನು ಬರೆದುಕೊಳ್ಳುತ್ತ ಕೂರಬಾರದು. ಹಾಗೆ ಮಾಡಿದರೆ ಗಮನವೆಲ್ಲ ಅಲ್ಲೇ ಅಂಟಿಕೊಳ್ಳುತ್ತದೆ. ಬೆಳಗ್ಗೆ ಒಮ್ಮೆ ಸಾಕು. ಕೆಲವು ವಾರ ಬರೆದ ಮೇಲೆ ಕಣ್ಣಿಗೆ ಹೊಡೆದದ್ದು ನಿದ್ದೆಯ ಸಾಲು. ನಿದ್ದೆಗೆಟ್ಟ ರಾತ್ರಿಯ ಮರುದಿನ, ವ್ಯಾಯಾಮ ಏನೇ ಇರಲಿ, ನಂಬರು ಏರಿರುತ್ತಿತ್ತು. ಅದಕ್ಕೂ ಮುಂಚೆ ಆ ಏರಿಕೆಯನ್ನೆಲ್ಲ ವ್ಯಾಯಾಮದ ಲೆಕ್ಕಕ್ಕೇ ಬರೆಯುತ್ತಿದ್ದೆ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಈ ಅಳತೆ ಸ್ನಾಯುವಿನ ನೋವಿಗೆ, ಬಿಗಿತಕ್ಕೆ. ನೋವು ಕತ್ತಿನಿಂದ ತೋಳಿಗೆ, ಬೆರಳಿಗೆ ಇಳಿಯುತ್ತಿದ್ದರೆ, ಅಥವಾ ಸೊಂಟದಿಂದ ಕಾಲಿನ ಕೆಳಗೆ ಇಳಿಯುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ ಆ ವ್ಯಾಯಾಮ ಅಲ್ಲಿಗೇ ನಿಲ್ಲಿಸಿ ಫಿಸಿಯೋಗೆ ತಿಳಿಸಬೇಕು. ಕಾಲಿಗೆ ಇಳಿದಿದ್ದ ನೋವು ಹಿಂದಕ್ಕೆ ಸರಿದು ಸೊಂಟದಲ್ಲೇ ನಿಂತರೆ, ಸೊಂಟ ಕೊಂಚ ಹೆಚ್ಚು ನೋಯುತ್ತಿದ್ದರೂ, ಅದನ್ನು ಸಾಮಾನ್ಯವಾಗಿ ಒಳ್ಳೆಯ ಲಕ್ಷಣ ಎಂದೇ ನೋಡುತ್ತಾರೆ. ಮೂತ್ರ ಅಥವಾ ಮಲದ ಮೇಲೆ ಹಿಡಿತ ತಪ್ಪುವುದು, ತೊಡೆಸಂದಿಯ ಸುತ್ತ ಸ್ಪರ್ಶ ಗೊತ್ತಾಗದಿರುವುದು, ಕೈ ಅಥವಾ ಕಾಲಿನ ಬಲ ಕುಂದುತ್ತ ಹೋಗುವುದು ಕಂಡರೆ ಫಿಸಿಯೋಗೆ ಕಾಯುವಂತಿಲ್ಲ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಜ್ವರದ ಜೊತೆ ಬರುವ ಬೆನ್ನುನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಬಿದ್ದು ಪೆಟ್ಟಾದ ಮೇಲಿನ ನೋವು ಕೂಡ ಮನೆಯಲ್ಲಿ ವ್ಯಾಯಾಮ ಮಾಡಿ ನೋಡೋಣ ಎನ್ನುವಂಥವಲ್ಲ.

ಇನ್ನು ವ್ಯಾಯಾಮ. ಕತ್ತಿಗೆ ನನಗೆ ಮೊದಲು ಕೊಟ್ಟದ್ದು ನೋಡುವವರಿಗೆ ವ್ಯಾಯಾಮ ಎಂದೇ ಅನ್ನಿಸದಂಥದ್ದು. ಅಂಗಾತ ಮಲಗಿ, ತಲೆಯಡಿ ತೆಳ್ಳಗೆ ಮಡಚಿದ ಟವೆಲ್ ಇಟ್ಟು, ಗದ್ದವನ್ನು "ಹೂಂ" ಎನ್ನುವಷ್ಟು ಮಾತ್ರ ಒಳಕ್ಕೆ ಬಾಗಿಸುವುದು. ತಲೆ ಟವೆಲ್ ಬಿಟ್ಟು ಏಳಬಾರದು. ಎರಡು ಬೆರಳನ್ನು ಕಿವಿಯ ಹಿಂದಿನಿಂದ ಕತ್ತಿನ ಮುಂದಕ್ಕೆ ಇಳಿಯುವ ದಪ್ಪ ಸ್ನಾಯುವಿನ ಮೇಲೆ ಇಟ್ಟುಕೊಳ್ಳಬೇಕು. ಅದು ಮೆತ್ತಗೇ ಇರಬೇಕು. ಬೆರಳಿಗೆ ಅದು ಹುರಿಗಟ್ಟಿದಂತೆ ಸಿಕ್ಕರೆ ಬಲ ಜಾಸ್ತಿ ಆಯಿತು ಎಂದರ್ಥ. ಹಲ್ಲು ಕಚ್ಚಬಾರದು, ನಾಲಿಗೆ ಸಡಿಲ ಬಿಡಬೇಕು, ಉಸಿರು ಹಿಡಿಯಬಾರದು. ಹತ್ತು ಸೆಕೆಂಡ್ ಹಾಗೇ ಹಿಡಿದು ಬಿಡುವುದು. ಮೂರನೇ ಸಲಕ್ಕೇ ನನ್ನ ಗಂಟಲಿನ ಒಳಗೆಲ್ಲೋ ನಡುಕ ಹುಟ್ಟುತ್ತಿತ್ತು. ಕತ್ತಿನ ಮೂಳೆಗಳಿಗೆ ಅಂಟಿಕೊಂಡಂತಿರುವ ಆಳದ ಸ್ನಾಯುಗಳು ನೋವಿದ್ದವರಲ್ಲಿ ಕೆಲಸ ಕಡಿಮೆ ಮಾಡಿ, ಮೇಲಿನ ದಪ್ಪ ಸ್ನಾಯುಗಳು ಅವುಗಳ ಪಾಲಿನದನ್ನೂ ಹೊರುತ್ತವೆ. ಆಸ್ಟ್ರೇಲಿಯಾದ ಫಿಸಿಯೋಥೆರಪಿಸ್ಟ್ ಗ್ವೆಂಡೊಲೆನ್ ಜುಲ್ ಮತ್ತು ಅವರ ಜೊತೆಗಾರರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ತಲೆಯ ತೂಕ ಸುಮಾರು 5 ಕಿಲೋ. ದಿನವಿಡೀ ಅದನ್ನು ಹೊರುವ ಕೆಲಸ ಯಾವ ಸ್ನಾಯುವಿನ ಪಾಲಿಗೆ ಬೀಳಬೇಕು ಎಂಬುದನ್ನು ಬದಲಿಸುವುದಕ್ಕೆ ಈ ಸಣ್ಣ ಬಾಗು. ಜೋರಾಗಿ ಮಾಡಿದರೆ ಬೇಗ ವಾಸಿಯಾಗುತ್ತದೆ ಎನ್ನುವವರಿಗೆ ಇದು ಒಗ್ಗುವುದಿಲ್ಲ. ನನಗೆ ಇಷ್ಟು ನೆಮ್ಮದಿ ಕೊಟ್ಟ ವ್ಯಾಯಾಮ ಇನ್ನೊಂದಿಲ್ಲ.

ಬೆನ್ನಿಗೆ ಕೊಟ್ಟದ್ದು ಕೆನಡಾದ ಬೆನ್ನುನೋವಿನ ಸಂಶೋಧಕ ಸ್ಟುವರ್ಟ್ ಮೆಕ್‌ಗಿಲ್ ಹೆಸರಿನಲ್ಲಿ ಓಡಾಡುವ ಮೂರು ವ್ಯಾಯಾಮ. ಅದರಲ್ಲಿ ಮಂಡಿ, ಅಂಗೈ ಊರಿ ಒಂದು ಕೈ ಮುಂದಕ್ಕೂ ಎದುರು ಬದಿಯ ಕಾಲು ಹಿಂದಕ್ಕೂ ಚಾಚುವುದನ್ನು ನಾನು ಈಗಲೂ ಬಿಟ್ಟಿಲ್ಲ. ಸೊಂಟದ ಮೇಲೆ ತುಂಬಿದ ಲೋಟ ಇಟ್ಟಂತೆ ಅಲುಗಾಡದೆ ಮಾಡಬೇಕು. ಕಾಲು ಎಷ್ಟು ಎತ್ತರ ಹೋಯಿತು ಎನ್ನುವುದು ಮುಖ್ಯವೇ ಅಲ್ಲ.

ವ್ಯಾಯಾಮಕ್ಕೆ ಹಿಡಿಯುವುದು ಅರ್ಧ ಗಂಟೆ. ಉಳಿದ ಹೊತ್ತು ಬೆನ್ನು, ಕತ್ತು ನಮ್ಮ ಜೊತೆಗೇ ಇರುತ್ತವಲ್ಲ, ಕಷ್ಟವಿರುವುದು ಅಲ್ಲಿ. ನೋವು ಕಡಿಮೆ ಇದ್ದ ದಿನ ಬಾಕಿ ಉಳಿದ ಕೆಲಸವನ್ನೆಲ್ಲ ಒಂದೇ ಏಟಿಗೆ ಮುಗಿಸಿಬಿಡೋಣ ಎನ್ನಿಸುತ್ತದೆ. ಮುಗಿಸಿದರೆ ಮುಂದಿನ ಎರಡು ಮೂರು ದಿನ ಮಲಗುವ ಪಾಡು. ಎದ್ದ ಮೇಲೆ ಮತ್ತೆ ಬಾಕಿ, ಮತ್ತೆ ಅವಸರ. ಇದನ್ನು ತಪ್ಪಿಸಲು ಮೇಡಂ ಹೇಳಿದ್ದು ಗಡಿಯಾರವನ್ನು ನಂಬುವುದು. ಕುರ್ಚಿಯಲ್ಲಿ ಎಷ್ಟು ಹೊತ್ತು ಕೂತರೆ ನೋವು ಏರತೊಡಗುತ್ತದೆ ಎಂದು ಕೆಟ್ಟ ದಿನಗಳಲ್ಲಿ ನೋಡಿಕೊಂಡು, ಅದಕ್ಕಿಂತ ಕಡಿಮೆ ಹೊತ್ತಿಗೆ ಮೊಬೈಲಿನಲ್ಲಿ ಅಲಾರಂ ಇಟ್ಟೆ. ಅಲಾರಂ ಹೊಡೆದಾಗ ನೋವು ಇರಲಿ ಬಿಡಲಿ ಎದ್ದು ನಾಲ್ಕು ಹೆಜ್ಜೆ ಹಾಕುವುದು. ಚೆನ್ನಾಗಿದ್ದ ದಿನವೂ ಅಷ್ಟೇ, ಕೆಟ್ಟ ದಿನವೂ ಅಷ್ಟೇ. ನೋವು ಬಂದ ಮೇಲೆ ಏಳುವುದಕ್ಕೂ ನೋವು ಬರುವ ಮುಂಚೆ ಏಳುವುದಕ್ಕೂ ಎಷ್ಟು ಅಂತರವಿದೆ ಎಂದು ಮಾಡಿ ನೋಡಿದವರಿಗೇ ಗೊತ್ತು. ಬೆಳಗಿನ ನಂಬರು ಸ್ಥಿರವಾಗಿದ್ದರೆ ವಾರಕ್ಕೊಮ್ಮೆ ಸ್ವಲ್ಪ ಹೊತ್ತು ಸೇರಿಸುತ್ತಿದ್ದೆ.

ಬೆಳಗಿನ ಹೊತ್ತಿಗೆ ಬೇರೆಯದೇ ನಿಯಮ. ರಾತ್ರಿ ಮಲಗಿದ್ದಾಗ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ. ಬೆಳಗ್ಗೆ ನಮ್ಮ ಎತ್ತರವೇ ಒಂದು ಸೆಂಟಿಮೀಟರ್‌ಗೂ ಮಿಕ್ಕಿ ಹೆಚ್ಚಿರುತ್ತದೆ. ಆ ಹೊತ್ತಿನಲ್ಲಿ ಪೂರ್ತಿ ಬಗ್ಗಿದರೆ ಡಿಸ್ಕ್ ಮೇಲೆ ಬೀಳುವ ಒತ್ತಡ ಹೆಚ್ಚು. ಎದ್ದ ಮೊದಲ ಒಂದು ಗಂಟೆ ಬಗ್ಗುವ ಕೆಲಸ, ಬಗ್ಗುವ ವ್ಯಾಯಾಮ ಎರಡನ್ನೂ ಮುಂದಕ್ಕೆ ಹಾಕಿದೆ. ಹಾಸಿಗೆಯಿಂದ ನೇರ ಎದ್ದು ಕೂರದೆ, ಮಗ್ಗುಲಾಗಿ, ಕಾಲು ಕೆಳಗಿಳಿಸಿ, ಕೈ ಊರಿ ಏಳುವುದನ್ನು ಅಭ್ಯಾಸ ಮಾಡಿಕೊಂಡೆ.

ಎಷ್ಟೇ ಜೋಪಾನ ಮಾಡಿದರೂ ನೋವು ಧುತ್ತನೆ ಮರುಕಳಿಸುವ ದಿನಗಳು ಬರುತ್ತವೆ. ಆ ದಿನ ತಲೆ ಓಡುವುದಿಲ್ಲ. ಚಿಕಿತ್ಸೆಯೇ ವ್ಯರ್ಥ, ಮೊದಲಿಗೇ ಬಂದು ನಿಂತೆ ಎಂದು ಮನಸ್ಸು ಕುಸಿಯುತ್ತದೆ. ಅದಕ್ಕೇ ಚೆನ್ನಾಗಿದ್ದ ಒಂದು ದಿನವೇ ಕೂತು, ಕೆಟ್ಟ ದಿನ ಏನು ಮಾಡಬೇಕೆಂದು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿದೆ. ಹಾಸಿಗೆ ಹಿಡಿಯಬಾರದು. ವ್ಯಾಯಾಮ ಅರ್ಧಕ್ಕಿಂತ ಕಡಿಮೆ ಮಾಡಿ, ಆದರೆ ಸೊನ್ನೆ ಮಾಡಬಾರದು. ನೆಲದಲ್ಲಿ ಅಂಗಾತ ಮಲಗಿ ಮೀನಖಂಡಗಳನ್ನು ಕುರ್ಚಿಯ ಮೇಲೆ ಇಟ್ಟು, ಹೊಟ್ಟೆ ಏರಿ ಇಳಿಯುವಂತೆ ನಿಧಾನ ಉಸಿರಾಡಬೇಕು. ಬಿಸಿನೀರಿನ ಚೀಲ. ಮನೆಯೊಳಗೇ ಆದರೂ ಆಗಾಗ ನಡೆಯಬೇಕು. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ, "ಹೋದ ಸಲವೂ ಇದು ಇಳಿದಿತ್ತು" ಎಂದು ಬರೆದಿದ್ದೆ. ಆ ದಿನಗಳಲ್ಲಿ ಬೇರೆ ಯಾರ ಸಮಾಧಾನಕ್ಕಿಂತ ನನ್ನದೇ ಕೈಬರಹದ ಆ ಸಾಲು ನನ್ನನ್ನು ಹಿಡಿದು ನಿಲ್ಲಿಸಿತು.

ಬೆಲ್ಟ್ ಬೇಕೇ, ಟ್ರಾಕ್ಷನ್ (ಬೆನ್ನನ್ನು ಎಳೆದು ಹಿಡಿಯುವ ಚಿಕಿತ್ಸೆ) ಬೇಕೇ ಎಂದು ಬಹಳ ಜನ ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟನೋವಿಗೆಂದೇ ಮಾರ್ಗಸೂಚಿ ಹೊರತಂದಿತು. ಸೊಂಟದ ಬೆಲ್ಟ್, ಟ್ರಾಕ್ಷನ್ ಎರಡನ್ನೂ ವಾಡಿಕೆಯಂತೆ ಕೊಡಬಾರದು ಎಂದು ಅದರಲ್ಲಿದೆ. ವ್ಯಾಯಾಮ, ನೋವಿನ ಬಗ್ಗೆ ತಿಳಿವಳಿಕೆ, ಮನಸ್ಸಿಗೆ ಸಂಬಂಧಿಸಿದ ಚಿಕಿತ್ಸೆ ಇವೆಲ್ಲ ಬೇಕು ಎಂದಿದೆ. ನನ್ನ ಬೆಲ್ಟನ್ನು ನಾನು ಫಿಸಿಯೋ ಜೊತೆ ಮಾತಾಡಿಯೇ ಹಂತಹಂತವಾಗಿ ಬಿಟ್ಟೆ. ನಿಮ್ಮ ವೈದ್ಯರು ಯಾವುದೋ ನಿರ್ದಿಷ್ಟ ಕಾರಣಕ್ಕೆ ಹಾಕಿಸಿದ್ದರೆ ನನ್ನ ಮಾತು ಕೇಳಿ ತೆಗೆಯಬೇಡಿ.

ಮನೆಯವರ ವಿಷಯವನ್ನೂ ಹೇಳದೆ ಬಿಡುವಂತಿಲ್ಲ. ದಿನಾ ಬೆಳಗ್ಗೆ ಅಮ್ಮನದು ಒಂದೇ ಪ್ರಶ್ನೆ: "ನೋವು ಹೇಗಿದೆ?" ಪ್ರೀತಿಯಿಂದಲೇ ಕೇಳುವುದು. ಆದರೆ ಕೇಳಿದ ಕೂಡಲೇ ಗಮನ ಹುಡುಕಿಕೊಂಡು ಹೋಗಿ ಆ ಜಾಗದ ಮೇಲೇ ಕೂರುತ್ತಿತ್ತು. ಒಂದು ದಿನ ಕೂತು ಹೇಳಿದೆ, "ಅಮ್ಮಾ, ನೋವು ಹೇಗಿದೆ ಅಂತ ಕೇಳ್ಬೇಡ. ಇವತ್ತು ಏನೇನ್ ಮಾಡ್ತೀಯ ಅಂತ ಕೇಳು." ಅಮ್ಮನಿಗೆ ಮೊದಲು ಬೇಜಾರಾಯಿತು. ಆಮೇಲೆ ಹಾಗೇ ಕೇಳತೊಡಗಿದಳು. ಸಹಾಯದ ವಿಷಯದಲ್ಲೂ ಒಂದು ಒಪ್ಪಂದ ಆಯಿತು. ನಾನು ಕೇಳಿದರೆ ಮಾತ್ರ ಕೈಯಿಂದ ಕೆಲಸ ಇಸಿದುಕೊಳ್ಳಬೇಕು, ಮುಖ ನೋಡಿ ಇಸಿದುಕೊಳ್ಳಬಾರದು. ಎಲ್ಲವನ್ನೂ ಬೇರೆಯವರು ಮಾಡಿಕೊಟ್ಟರೆ ಬೆನ್ನು ಬಲಗೊಳ್ಳುವುದಾದರೂ ಯಾವಾಗ?

ಫಿಸಿಯೋ ಹತ್ತಿರ ಮಾತಾಡುವಾಗ "ಪರವಾಗಿಲ್ಲ" ಎನ್ನುವುದನ್ನು ಬಿಟ್ಟೆ. ಪರವಾಗಿಲ್ಲ ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ನೋಟ್‌ಬುಕ್ ತೆರೆದು ತೋರಿಸಿ, ಯಾವ ವ್ಯಾಯಾಮದ ಮರುದಿನ ನಂಬರು ಇಳಿಯಲಿಲ್ಲ ಎಂದು ಬೆರಳಿಟ್ಟು ಹೇಳುತ್ತಿದ್ದೆ. ಮಾಡದೆ ಬಿಟ್ಟ ದಿನಗಳನ್ನೂ ಮುಚ್ಚಿಡುತ್ತಿರಲಿಲ್ಲ. ಒಂದು ವ್ಯಾಯಾಮ ಯಾಕೆ ಮಾಡಬೇಕು ಎಂದು ನನಗೆ ಅರ್ಥವಾಗುವವರೆಗೆ ಕೇಳುತ್ತಿದ್ದೆ. ಅರ್ಥವಾಗದ್ದನ್ನು ಮನೆಗೆ ಬಂದು ದಿನಾ ಮಾಡುವುದು ನನ್ನಿಂದ ಆಗದು.

ಈಗ ಭಾರ ಎತ್ತುವ ಹಂತದಲ್ಲಿದ್ದೇನೆ. ಪುಸ್ತಕ ತುಂಬಿದ ಬ್ಯಾಗನ್ನು ಮಂಡಿ ಮಡಚಿ, ಮೈಗೆ ಹತ್ತಿರ ಹಿಡಿದು, ಉಸಿರು ಬಿಡುತ್ತ ನೆಲದಿಂದ ಎತ್ತುತ್ತೇನೆ. ಮೂರ್ನಾಲ್ಕು ಬೆಳಗ್ಗೆ ನಂಬರು ಏರದಿದ್ದರೆ ಇನ್ನೊಂದು ಪುಸ್ತಕ ಸೇರಿಸುತ್ತೇನೆ. ಒಂದು ವಾರದಲ್ಲಿ ಒಂದನ್ನೇ ಬದಲಿಸುವುದು, ಭಾರ ಇಲ್ಲವೇ ಎಷ್ಟು ಸಲ ಎನ್ನುವುದು. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಗೊತ್ತಾಗುವುದಿಲ್ಲ. ಬಹಳ ಹೊತ್ತು ತಲೆಯೆತ್ತಿ ನೋಡುವ ಕೆಲಸ ಮಾಡಿದರೆ ಕತ್ತು ಈಗಲೂ ನೋಯುತ್ತದೆ. ಮುಂದಿನ ಭೇಟಿಯಲ್ಲಿ ಮೇಡಂ ಹತ್ತಿರ ಅದನ್ನೇ ಮೊದಲು ಕೇಳಬೇಕೆಂದಿದ್ದೇನೆ.