ಮಿಗ್ಮಾ ಭಾಷೆ ಓದಿದರೆ ಕೆಲಸ ಸಿಗುತ್ತಾ? ಹೀಗೆ ಶುರುಮಾಡಿ

ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯದ ಮೂಲನಿವಾಸಿಗಳು ಮಿಗ್ಮಾ ಜನ. ಅವರ ಭಾಷೆಯನ್ನು ಈ ಪ್ರಾಂತ್ಯದ ಮೊದಲ ಭಾಷೆ ಅಂತ ಒಪ್ಪಿಕೊಂಡ ಕಾಯ್ದೆ ಜಾರಿಗೆ ಬಂದದ್ದು 2022ರಲ್ಲಿ. ಸುಮ್ನೆ ಕುತೂಹಲಕ್ಕೆ ಓದುವವರಿಗೂ, ಅದರಲ್ಲೇ ಬದುಕು ಕಟ್ಟಿಕೊಳ್ಳುವವರಿಗೂ ಇದು ಒಳ್ಳೆ ಕಾಲ.

ಮೊದಲು ಜಾಗ. ಇದೇ ಪ್ರಾಂತ್ಯದ ಸಿಡ್ನಿ ಊರಿನ (ಆಸ್ಟ್ರೇಲಿಯಾದ್ದಲ್ಲ) ಕೇಪ್ ಬ್ರೆಟನ್ ವಿಶ್ವವಿದ್ಯಾಲಯಕ್ಕೆ ಭಾರತದಿಂದ ತುಂಬಾ ಜನ ಹೋಗುತ್ತಾರೆ, ಆದರೆ ಅದರೊಳಗೇ ಇರುವ ಉನಮಾಗಿ ಕಾಲೇಜಿನ ಕಡೆ ತಿರುಗಿ ನೋಡುವವರು ಕಡಿಮೆ. ಮಿಗ್ಮಾ ಇತಿಹಾಸ, ಒಪ್ಪಂದಗಳು, ಭಾಷೆ ಎಲ್ಲಕ್ಕೂ ಅಲ್ಲಿಂದಲೇ ಶುರುಮಾಡಬಹುದು.

ಆಮೇಲೆ ಭಾಷೆ. ಇದನ್ನು ಕೊನೆಯ ವರ್ಷಕ್ಕೆ ತಳ್ಳಬೇಡಿ. ಬಹುಪಾಲು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುತ್ತಾರೆ, ದೀರ್ಘ ಸ್ವರ ಬಂದಾಗ ಪಕ್ಕದಲ್ಲಿ ಮೇಲೊಂದು ಪುಟ್ಟ ಗೀಟು. ಓದುವುದು ಬೇಗ ಕೈಹಿಡಿಯುತ್ತೆ. ಕಷ್ಟ ಇರುವುದು ಕ್ರಿಯಾಪದದಲ್ಲಿ: ಯಾರು, ಯಾರಿಗೆ, ಅದು ಜೀವವಿರುವುದೋ ಇಲ್ಲದ್ದೋ, ಎಲ್ಲ ಅದರೊಳಗೇ ಬಂದು ಕೂರುತ್ತೆ. ಪ್ರತ್ಯಯ ಅಂಟಿಸಿ ಮಾತಾಡಿ ಅಭ್ಯಾಸವಿರುವ ಕನ್ನಡಿಗರಿಗೆ ಅಷ್ಟೇನೂ ಗಾಬರಿಯಾಗಲಿಕ್ಕಿಲ್ಲ. ಪುಸ್ತಕ ಮಾತ್ರ ಸಾಲದು. ಹತ್ತಿರದ ಎಸ್ಕಸೋನಿ ಅನ್ನುವ ಮಿಗ್ಮಾ ಊರಿನಲ್ಲಿ ಈಗಲೂ ಈ ಮಾತು ಕಿವಿಗೆ ಬೀಳುತ್ತೆ, ಹಿರಿಯರ ಜೊತೆ ಕೂತು ಕೇಳುವ ಅವಕಾಶ ಸಿಕ್ಕರೆ ಬಿಡಬೇಡಿ.

ಮೂರನೆಯದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ: ಜೊತೆಗೆ ಇನ್ನೊಂದು ವಿಷಯ ಇಟ್ಟುಕೊಳ್ಳಿ. ಕಾನೂನನ್ನೇ ನೋಡಿ. ಡೊನಾಲ್ಡ್ ಮಾರ್ಷಲ್ ಜೂನಿಯರ್ ಅನ್ನುವ ಮಿಗ್ಮಾ ವ್ಯಕ್ತಿ 1993ರಲ್ಲಿ 463 ಪೌಂಡ್ ಹಾವುಮೀನು ಹಿಡಿದು 787 ಡಾಲರ್ 10 ಸೆಂಟಿಗೆ ಮಾರಿದ್ದಕ್ಕೆ ಕೇಸು ಬಿತ್ತು. ಅದು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಬ್ರಿಟಿಷರ ಜೊತೆ ಆದ 1760-61ರ ಒಪ್ಪಂದಗಳಂತೆ ಮೀನು ಹಿಡಿದು ಮಾರಿ ಸಾಧಾರಣ ಜೀವನ ನಡೆಸುವ ಹಕ್ಕು ಅವರಿಗಿದೆ ಅಂತ 1999ರಲ್ಲಿ ತೀರ್ಪು ಬಂತು. ಆ ಹಕ್ಕಿನ ಜಗಳ ಇನ್ನೂ ಮುಗಿದಿಲ್ಲ, ಹಾಗಾಗಿ ಹಳೇ ಒಪ್ಪಂದ ಓದಿ ಅರ್ಥ ಹೇಳಬಲ್ಲವರು ಬೇಕೇ ಬೇಕು.

ಪರಿಸರ ಓದಿದವರಿಗೆ ಎಸ್ಕಸೋನಿಯಲ್ಲೇ ಉನಮಾಗಿ ನೈಸರ್ಗಿಕ ಸಂಪನ್ಮೂಲ ಸಂಸ್ಥೆ ಇದೆ. ಬ್ರಾಡೋರ್ ಸರೋವರದ ಕೆಲಸ ಜಾಸ್ತಿ. ಇತಿಹಾಸದವರು ಕೆಜಿಮ್‌ಕೂಜಿಕ್ ರಾಷ್ಟ್ರೀಯ ಉದ್ಯಾನದತ್ತ ನೋಡಬಹುದು, ಅಲ್ಲಿ ಬಂಡೆಯ ಮೇಲೆ ಮಿಗ್ಮಾ ಕೆತ್ತನೆಗಳಿವೆ. ಆರ್ಕೈವ್, ಮ್ಯೂಸಿಯಂ, ಸರ್ಕಾರಿ ಇಲಾಖೆಗಳೂ ಇದ್ದೇ ಇವೆ.

ಮೇಷ್ಟ್ರ ಕೆಲಸದ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. 1990ರ ದಶಕದ ಕೊನೆಯಿಂದ ಇಲ್ಲಿನ ಹೆಚ್ಚಿನ ಮಿಗ್ಮಾ ಸಮುದಾಯಗಳು ತಮ್ಮ ಶಾಲೆಗಳನ್ನು ತಾವೇ ನಡೆಸುತ್ತಿವೆ. ಭಾಷೆ ಕಲಿಸುವ ಹುದ್ದೆ ಮೊದಲು ಅವರ ಮಕ್ಕಳಿಗೇ ಸಿಗಬೇಕು, ಅದು ನ್ಯಾಯವೇ ಅಲ್ವಾ? ಹೊರಗಿನವರು ಗಣಿತ, ವಿಜ್ಞಾನ ಕಲಿಸಲು ಪ್ರಯತ್ನಿಸಬಹುದು. ಫೀಸು ಕಟ್ಟುವ ಮುಂಚೆ ಆ ವರ್ಷ ಯಾವ ಭಾಷಾ ತರಗತಿ ನಡೆಯುತ್ತದೆ ಅಂತ ವಿಭಾಗಕ್ಕೇ ಮೇಲ್ ಹಾಕಿ ಕೇಳಿಕೊಳ್ಳಿ.